ಸಾಲಿನ ಕೊನೆ, ವಾಕ್ಯದ ಕೊನೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭದಲ್ಲಿ ಕುಬ್ಜಕವಿಯ ಸಂಸ್ಕೃತ ಶಾಸನವಿರುವುದಷ್ಟೆ. ಅಲ್ಲಿ ಸಾಲು ಮುಗಿದೆಡೆಯಲ್ಲೆಲ್ಲ ಶ್ಲೋಕವು ಮುಗಿಯುವುದಿಲ್ಲ. ಛಂದಸ್ಸನ್ನು ಬಲ್ಲವನು ಮುಂದಿನ ಸಾಲಿಗೆ ಸಾಗಿ ಅನ್ವಯಿಸಿಕೊಳ್ಳುವನು.

1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯ ರೀತಿಯೇ ಬೇರೆ. ಲೆಕ್ಕದ ಫಲವನ್ನು ಒಪ್ಪಿಸೆಂಬರ್ಥದ ‘ರಿಟರ್ನ್’ ಪದವನ್ನು ಬರೆದು, ಫಲವನ್ನು ಕೆಳಗಿನ ಸಾಲಿನಲ್ಲಿಟ್ಟರೆ, ಯಂತ್ರವು ನಡುವೆ ತಾನೇ ಅರ್ಧವಿರಾಮವನ್ನು ಕಲ್ಪಿಸಿಕೊಂಡು ಬರಿಗೈಯಿಂದ ಮರಳುವುದು. ಅನೇಕ ವೇಳೆ ತಪ್ಪೆಂದು ಸೂಚಿಸುವುದೂ ಇಲ್ಲ. ಸೊರಬದ ಅಡಕೆ ವ್ಯಾಪಾರಿಯ ಲೆಕ್ಕದಲ್ಲಿ ಹೀಗಾದರೆ, ಮೊತ್ತವಿರಬೇಕಾದೆಡೆ ‘ಅನ್‌ಡಿಫೈನ್ಡ್’ ಎಂಬ ಶಬ್ದವು ಕಾಣಬಹುದು.

ಆದುದರಿಂದ ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವ ಮಕ್ಕಳಿಗೆ ಹಿರಿಯರು ಇಷ್ಟನ್ನು ತಿಳಿಸಿರಿ: ಫಲವಾಗಲಿ, ಅದನ್ನು ಸುತ್ತುವರಿವ ಆವರಣಚಿಹ್ನೆಯಾಗಲಿ, ‘ರಿಟರ್ನ್’ ಇರುವ ಸಾಲಿನಲ್ಲಿಯೇ ಆರಂಭವಾಗತಕ್ಕದ್ದು. ಯಂತ್ರವು ಅಕ್ಷರವನ್ನು ಬಲ್ಲುದು; ಬರೆದವನ ಅಭಿಪ್ರಾಯವನ್ನರಿಯದು.