ಕೌದಿಯೊಳಗಿನ ಕೌದಿ

ಮನೆಯಲ್ಲಿರುವ ಒಂದು ಕೈಕೆಲಸದ ವಸ್ತುವಿನ ಬಗ್ಗೆ ಬರೆದು ಕಳಿಸಿ ಎಂದು ಈ ಸಂಚಿಕೆಗಾಗಿ ಓದುಗರನ್ನು ಕೇಳಿದ್ದೆವು. ಬಂದ ಬರಹಗಳನ್ನು ತಿದ್ದುವಾಗ ನಾನು ಅತಿ ಹೆಚ್ಚು ಸಲ ಹೊಡೆದುಹಾಕಿದ ಪದ ‘ನಶಿಸಿಹೋಗುತ್ತಿರುವ’. ಬೀಸುವ ಕಲ್ಲಿರಲಿ, ಚನ್ನಪಟ್ಟಣದ ಬುಗುರಿಯಿರಲಿ, ಕಿನ್ನಾಳದ ಗೊಂಬೆಯಿರಲಿ, ಮೊದಲ ಸಾಲಿನಲ್ಲೇ ಅದರ ತಿಥಿ ಮುಗಿದಿರುತ್ತದೆ. ವಸ್ತು ಕಣ್ಣೆದುರಿಗೇ ಇದೆ, ಕೈಚಾಚಿದರೆ ಸಿಗುತ್ತದೆ. ಅಳು ಯಾಕೋ ತಿಳಿಯಲಿಲ್ಲ.

ನನ್ನ ಪಾಲಿಗಿರುವುದು ಒಂದು ಕೌದಿ. ಹಳೆ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸುತ್ತು ಹಾಕುತ್ತ ದಪ್ಪ ದಾರದಲ್ಲಿ ಹೊಲಿದದ್ದು. ಬೇಸಿಗೆ ಬಂದರೆ ಕೌದಿ ಹೊಲಿಯುವ ಹೆಂಗಸರು ನಮ್ಮ ಓಣಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಹರವಿಕೊಂಡು ಇಬ್ಬರು ಎದುರುಬದುರು ಕೂತರೆ ಸೂಜಿಗಿಂತ ಬಾಯಿ ಮುಂದೆ. ಯಾವ ಊರಲ್ಲಿ ಯಾರ ಮಗಳು ಗಂಡನ ಮನೆಯಿಂದ ತಿರುಗಿ ಬಂದಳು ಎನ್ನುವುದೆಲ್ಲ ಹೊಲಿಗೆಯ ಜೊತೆಗೇ ಸಾಗುತ್ತಿತ್ತು. ಕೂಲಿಯ ಮೇಲೊಂದಿಷ್ಟು ಜೋಳ, ಸಾಧ್ಯವಾದರೆ ಒಂದು ಹಳೆ ಸೀರೆ. ಹೊಸ ಬಟ್ಟೆ ಕೌದಿಗೆ ಒಗ್ಗುವುದಿಲ್ಲ. ನೂರು ಸಲ ಒಗೆಸಿಕೊಂಡು ಮೆತ್ತಗಾದದ್ದೇ ಆಗಬೇಕು.

ಕಳೆದ ತಿಂಗಳು ನಮ್ಮ ಕೌದಿಯ ಒಂದು ಕಡೆ ಹೊಲಿಗೆ ಬಿಚ್ಚಿತು. ಅಂಗೈಯಗಲದ ಬಾಯಿ. ಬೆರಳು ಹಾಕಿ ನೋಡಿದರೆ ಒಳಗೆ ಇನ್ನೊಂದು ಕೌದಿ! ಹರಿದುಹೋದದ್ದನ್ನು ಬಿಸಾಡದೆ ಹೊಸದರ ಹೊಟ್ಟೆಗೆ ಹಾಕಿ ಹೊಲಿದಿದ್ದರು. ಒಳಗಿನದರ ಬಣ್ಣ ಬೆಳಕು ಕಾಣದೆ ಹಾಗೇ ಉಳಿದಿತ್ತು. ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಚೂರು, ಅದರಲ್ಲಿ ಬಿಳಿ ತೋಪು ತೆನೆ. ಒಡಲಿನ ಹಾಸಿನೆಳೆಗೆ ಸೆರಗಿನ ಹಾಸಿನೆಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್ ನೇಕಾರರ ಹೆಚ್ಚುಗಾರಿಕೆ. ಆ ಕೂಡಿಕೆ ಸೀರೆ ಹರಿದರೂ ಬಿಟ್ಟಿರಲಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಕವಂದಿ ಎನ್ನುತ್ತಾರೆ. ಆಫ್ರಿಕಾದಿಂದ ಬಂದವರ ಸಂತತಿ ಅವರದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಕೆಲವರ ಕವಂದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಮೂಡುತ್ತದೆ. ಆದರೆ ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿ ಹೊಲಿಯುವ ‘ಫುಲ’ ಮಾತ್ರ ಎಲ್ಲರಿಗೂ ಬೇಕು. ಅದಿಲ್ಲದ ಕವಂದಿ ಬೆತ್ತಲೆಯಂತೆ. ಫುಲ ಇದ್ದರೆ ಚಳಿಯೇನೂ ಕಡಿಮೆಯಾಗದು. ಉಡಲು ಎರಡನೇ ಸೀರೆಗೆ ತತ್ವಾರವಿದ್ದ ಮನೆಯಲ್ಲೂ ಚಳಿಗೆ ಸಂಬಂಧವಿಲ್ಲದ ಆ ನಾಲ್ಕು ಮೂಲೆಗಳಿಗೆ ಬಟ್ಟೆ ಎತ್ತಿಟ್ಟರಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು. ಬಡತನವೇ ಕೌದಿಯನ್ನು ಹುಟ್ಟಿಸಿತು, ನಿಜ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿಯ ಹುಟ್ಟೂ ಹಾಗೆಯೇ. ಫುಲವನ್ನು ಹುಟ್ಟಿಸಿದ್ದು ಬಡತನವಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೌದಿ ನೋಡಿದೆ. ಅಂದವಾಗಿತ್ತು. ಹೊಲಿಗೆ ನಮ್ಮ ಮನೆಯದಕ್ಕಿಂತ ನೇರ. ದಾರದಲ್ಲಿ ನೇತಾಡುತ್ತಿದ್ದ ಚೀಟಿಯಲ್ಲಿ ಅಜ್ಜಿಯ ಮಡಿಲು, ಬಾಲ್ಯದ ಬೆಚ್ಚನೆ ಅಂತೆಲ್ಲ ಅಚ್ಚಾಗಿತ್ತು. ಬಟ್ಟೆ ಮಾತ್ರ ಹೊಚ್ಚಹೊಸದು, ಹಳತರಂತೆ ಕಾಣಲೆಂದೇ ಕತ್ತರಿಸಿದ್ದು. ಹೊಲಿದವಳ ಕೈಗೆ ನಾಲ್ಕು ಕಾಸು ಸೇರುತ್ತದೆಂದಾದರೆ ನನ್ನ ತಕರಾರಿಲ್ಲ. ಕೌದಿ ಗೋಡೆಗಾದರೂ ಏರಲಿ, ಸೋಫಾಕ್ಕಾದರೂ ಇಳಿಯಲಿ. ಆದರೆ ಅಷ್ಟುದ್ದದ ಚೀಟಿಯಲ್ಲಿ ಇಲ್ಲದ ಅಜ್ಜಿಗೆ ಜಾಗ ಸಿಕ್ಕಿತು, ಇದ್ದ ಹೊಲಿದವಳ ಹೆಸರಿಗೆ ಸಿಗಲಿಲ್ಲ. ಈಗ ಉಪ್ಪಿನಕಾಯಿಯ ಬಾಟಲಿಗೂ ಒಂದು ಕತೆ ಅಂಟಿಸಿ ಮಾರುತ್ತಾರೆ. ಕತೆಯನ್ನು ವಸ್ತುವಿನ ಜೊತೆ ಕೊಳ್ಳಲು ಬರುವುದಿಲ್ಲ ಅಂತಲ್ಲ. ಕೊಂಡದ್ದನ್ನು ತಿದ್ದುವವರು, ‘ಹಂಗಲ್ಲ ಅದು’ ಎನ್ನುವವರು ಒಬ್ಬರೂ ಜೊತೆಗೆ ಬರುವುದಿಲ್ಲ.

ನನಗೆ ಹಾಗೆ ಅನ್ನುವವರು ಇನ್ನೂ ಒಬ್ಬರಿದ್ದಾರೆ. ಕೌದಿಯ ಮೂಲೆಯಲ್ಲಿರುವ, ಗೋಮಿ ದಡಿಯ ಹಸಿರು ತುಂಡು ನಮ್ಮಜ್ಜಿಯ ಸೀರೆಯದೆಂದು ನಾನು ಈ ಪುಟದಲ್ಲಿ ಬರೆದಾಗಿತ್ತು, ಒಂದಿಷ್ಟು ಭಾವುಕನಾಗಿಯೇ. ಅಚ್ಚಿಗೆ ಹೋಗುವ ಮೊದಲು ಸಾಂಗ್ಲಿಯಲ್ಲಿರುವ ಅತ್ತೆಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

“ಅದು ನಮ್ಮದಲ್ಲೋ. ಬಾಜೂಮನಿ ಅಕ್ಕಂದು. ಮೂಲಿಗೆ ಅರಿಬಿ ಕಡಿಮಿ ಬಿದ್ದಿತ್ತು, ಆಕಿ ತನ್ನ ಸೀರಿ ಹರದು ಕೊಟ್ಲು. ಮುಂದ ಆಕಿ ಕೌದಿಗೆ ನಮ್ಮವ್ವನ ಸೀರಿ ಹೋತು.”

ಹಾಗಾದರೆ ಅಜ್ಜಿಯ ಸೀರೆಯ ಚೂರು ಯಾರದೋ ಮನೆಯ ಹಾಸಿಗೆಯಲ್ಲಿದೆ. ಬರೆದದ್ದನ್ನು ಹೊಡೆದುಹಾಕಿದೆ. ಬಾಜೂಮನೆಯವರು ಈಗ ಎಲ್ಲಿದ್ದಾರೆ ಎಂದು ಕೇಳುವಷ್ಟರಲ್ಲಿ ಅತ್ತೆಯೇ ಕೇಳಿದಳು: “ಬಾಯಿ ಬಿಟ್ಟದ್ದು ಕಾಣಾಕತ್ತೈತಿ ಫೋಟೋದಾಗ. ಹೊಲಿಯಾಕ ಬರತೈತೋ ಇಲ್ಲೋ ನಿನಗ?”