ಅನ್ಯರು ಮಾಡಿದ ಬೀಗ, ನಮ್ಮ ಹೊಣೆ

ಸರ್ಕಾರಿ ಕಛೇರಿಯ ಒಳಹೊರಗನ್ನು ಬಲ್ಲವರಿಗೆ ‘ಅಧಿಕಾರ ಪ್ರತ್ಯಾಯೋಜನೆ’ ಎಂಬ ಮಾತು ಹೊಸತಲ್ಲ. ಮೇಲಧಿಕಾರಿಯು ತನ್ನ ಅಧಿಕಾರದ ಒಂದಂಶವನ್ನು ಕೆಳಗಿನವರಿಗೆ ಒಪ್ಪಿಸುತ್ತಾನೆ. ಅದರ ಎಲ್ಲೆಯನ್ನೂ ಆದೇಶದಲ್ಲಿ ಬರೆದಿಡುತ್ತಾನೆ. ಗುಮಾಸ್ತನೊಬ್ಬ ಆ ಎಲ್ಲೆ ದಾಟಿ ಮೇಲಧಿಕಾರಿಯ ಮೊಹರನ್ನೇ ಒತ್ತತೊಡಗಿದರೆ ಆಡಳಿತಕ್ಕೆ ಅರ್ಥವುಳಿಯದು. ಗಣಕಯಂತ್ರದೊಳಗೂ ಇಂಥದೇ ಶ್ರೇಣಿಯಿದೆ. ಸಾಮಾನ್ಯ ಬಳಕೆದಾರನಿಗೆ ಅವನ ಕಡತಗಳಷ್ಟೇ. ಇಡೀ ಯಂತ್ರದ ಒಡೆತನ ‘ರೂಟ್’ ಎಂಬ ಪರಮಾಧಿಕಾರಿಯದು. ಕೆಳಗಿನವನು ಅನುಮತಿಯಿಲ್ಲದೆ ಆ ಪದವಿಗೇರಲು ದಾರಿಮಾಡಿಕೊಡುವ ದೋಷಗಳು ತಂತ್ರಾಂಶಗಳಲ್ಲಿ ಆಗಾಗ ಪತ್ತೆಯಾಗುತ್ತವೆ. ಅವನ್ನು ಸರಿಪಡಿಸುವ ಹೊಣೆ ಯಾರದು ಎಂಬುದೇ ನನ್ನ ಪ್ರಶ್ನೆ.

ಪೋಲ್‌ಕಿಟ್ ಪ್ರಕರಣವನ್ನೇ ನೋಡೋಣ. ಲಿನಕ್ಸ್ ಬಳಸುವ ಬಹಳಷ್ಟು ಯಂತ್ರಗಳಲ್ಲಿ, ಯಾರಿಗೆ ಯಾವ ಕೆಲಸಕ್ಕೆ ಅನುಮತಿಯೆಂದು ನಿರ್ಣಯಿಸುವ ತಂತ್ರಾಂಶವದು. ಅದರ ಅಂಗವಾದ ‘ಪಿಕೆಎಕ್ಸೆಕ್’ ಎಂಬ ಪುಟ್ಟ ಪ್ರೋಗ್ರಾಂ, ಯಾರು ಕರೆದರೂ ರೂಟ್‌ನ ಮೊಹರನ್ನು ಕೈಯಲ್ಲಿ ಹಿಡಿದೇ ಕೆಲಸಕ್ಕಿಳಿಯುತ್ತದೆ. ಇದರಲ್ಲಿದ್ದ ದೋಷವನ್ನು ಕ್ವಾಲಿಸ್ ಸಂಸ್ಥೆಯ ಸಂಶೋಧಕರು 2022ರ ಜನವರಿ 25ರಂದು ಪ್ರಕಟಿಸಿದರು. ದೋಷ ಹುಟ್ಟಿದ್ದು 2009ರ ಮೇ ತಿಂಗಳ ಮೊದಲ ಆವೃತ್ತಿಯಲ್ಲಿ. ಹನ್ನೆರಡು ವರ್ಷಕ್ಕೂ ಮೀರಿ ಬಾಗಿಲು ತೆರೆದೇ ಇತ್ತು.

ದೋಷದ ಸ್ವರೂಪ ಸರಳ. ಪ್ರೋಗ್ರಾಂ ಒಂದನ್ನು ಕರೆಯುವಾಗ ಪದಗಳ ಪಟ್ಟಿಯೊಂದನ್ನು ಒಪ್ಪಿಸುವುದು ರೂಢಿ. ಮೊದಲ ಪದ ಆ ಪ್ರೋಗ್ರಾಮಿನದೇ ಹೆಸರು. ಪಟ್ಟಿ ಎಂದಿಗೂ ಬರಿದಾಗಿರದೆಂದು ನಂಬಿ ಪಿಕೆಎಕ್ಸೆಕ್ ಎರಡನೆಯ ಪದದಿಂದಲೇ ಓದತೊಡಗುತ್ತಿತ್ತು. ಯಾರಾದರೂ ಬರಿಯ ಪಟ್ಟಿ ಕೊಟ್ಟರೆ ಎಲ್ಲೆ ಮೀರಿ ಪಕ್ಕದ ಸ್ಮೃತಿಭಾಗವನ್ನು ಓದುತ್ತಿತ್ತು, ಅಲ್ಲಿ ಬರೆಯುತ್ತಲೂ ಇತ್ತು. ಅಪಾಯಕಾರಿಯೆಂದು ವ್ಯವಸ್ಥೆ ಬಾಗಿಲಲ್ಲೇ ತೆಗೆದುಹಾಕಿದ್ದ ಸೂಚನೆಯೊಂದು ಹೀಗೆ ಹಿಂಬಾಗಿಲಿನಿಂದ ಮರಳಿ ಬರಬಹುದಿತ್ತು. ಅದರ ಬೆನ್ನಿಗೆ ದಾಳಿಕೋರನ ಆಜ್ಞೆಗಳು ರೂಟ್‌ನ ಹೆಸರಿನಲ್ಲಿ ನಡೆಯಬಹುದಿತ್ತು. ಪಟ್ಟಿ ಬರಿದಾದರೆ ಎಡವಟ್ಟಾಗುತ್ತದೆಂದು 2013ರಲ್ಲೇ ತಂತ್ರಜ್ಞರೊಬ್ಬರು ಬರೆದಿದ್ದರು. ಅದು ದಾಳಿಗೆ ಒದಗೀತೆಂದು ಆಗ ತೋರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಪರಿಹಾರವೋ, ‘ಪಟ್ಟಿ ಬರಿದಾಗಿದ್ದರೆ ಮುಂದುವರಿಯಬೇಡ’ ಎಂಬ ಅರ್ಥದ ಕೆಲವೇ ಸಾಲುಗಳು. ಅಷ್ಟಕ್ಕೂ ಕಾಯಲಾಗದವರು ಒಂದೇ ಆಜ್ಞೆಯಿಂದ ಪಿಕೆಎಕ್ಸೆಕ್‌ನ ಕೈಯ ಮೊಹರನ್ನು ಕಿತ್ತುಕೊಳ್ಳಬಹುದಿತ್ತು. ಮುಂದೆ ಲಿನಕ್ಸ್ ಕರ್ನೆಲ್‌ನ 5.18ನೇ ಆವೃತ್ತಿಯಲ್ಲಿ, ಬರಿಯ ಪಟ್ಟಿ ಯಾವ ಪ್ರೋಗ್ರಾಮಿಗೂ ತಲುಪದಂತೆ ಬುಡದಲ್ಲೇ ಕಟ್ಟು ಹಾಕಲಾಯಿತು. ಕಷ್ಟವಿರುವುದು ಪರಿಹಾರವನ್ನು ಬರೆಯುವುದರಲ್ಲಲ್ಲ, ಅದು ಪ್ರತಿಯೊಂದು ಯಂತ್ರವನ್ನೂ ತಲುಪುವುದರಲ್ಲಿ.

ಇಂಥ ಸಂದರ್ಭದಲ್ಲಿ ‘ಅನ್ಯರ ತಂತ್ರಾಂಶವೇ ಬೇಡ, ಸ್ವದೇಶಿಯೇ ಮದ್ದು’ ಎಂಬ ಕೂಗು ಕೇಳಿಬರುತ್ತದೆ. ಆ ಅಭಿಮಾನವನ್ನು ನಾನು ಹಗುರಾಗಿ ಕಾಣೆ. ಆದರೆ ಸಿ-ಡ್ಯಾಕ್ ರೂಪಿಸಿದ ‘ಬಾಸ್’ ನಿಂತಿರುವುದು ಡೆಬಿಯನ್ ಮೇಲೆ. ರಕ್ಷಣಾ ಸಚಿವಾಲಯದ ‘ಮಾಯಾ’, 2023ರ ವರದಿಗಳಂತೆ, ಉಬುಂಟು ಮೇಲೆ. ಇದರಲ್ಲಿ ನಾಚಿಕೆಯೇನಿಲ್ಲ, ಯಾವ ದೇಶವೂ ಎಲ್ಲವನ್ನೂ ಮೊದಲಿನಿಂದ ಬರೆದುಕೊಳ್ಳಲಾರದು. ಆದರೆ ಬಾಗಿಲಿನ ಫಲಕ ಬದಲಾದ ಮಾತ್ರಕ್ಕೆ ಬೀಗ ಬದಲಾಗುವುದಿಲ್ಲ. ಮೂಲದಲ್ಲಾದ ದುರಸ್ತಿ ನಮ್ಮ ಮೇಜಿಗೆ ಬರುವ ಮುನ್ನ ಇನ್ನೊಂದು ಮೆಟ್ಟಿಲನ್ನು ಇಳಿಯಬೇಕಾಗುತ್ತದೆ, ಅಷ್ಟೆ. ಸ್ವಾವಲಂಬನೆಯೆಂದರೆ ಹೆಸರಿಡುವುದಲ್ಲ, ಅನ್ಯರು ಬರೆದದ್ದನ್ನೂ ಓದಿ ತಿದ್ದಬಲ್ಲ ಸಾಮರ್ಥ್ಯ.

ಕಛೇರಿಗಳಲ್ಲಿ ಇನ್ನೊಂದು ಭಯವಿದೆ: ‘ನಡೆಯುತ್ತಿರುವುದನ್ನು ಮುಟ್ಟಬೇಡಿ.’ ಅದು ನಿರಾಧಾರವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರ್ಣ ಪರಿಷ್ಕರಣೆಯೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಆದರೆ ಆ ಪಾಠ, ದುರಸ್ತಿಯನ್ನು ಮುಂದೂಡಿ ಎಂಬುದಲ್ಲ. ಕೆಲವು ಯಂತ್ರಗಳಲ್ಲಿ ಪರೀಕ್ಷಿಸಿ, ಬಳಿಕ ಎಲ್ಲಕ್ಕೂ ಹರಡಿ ಎಂಬುದು.

ಆದ್ದರಿಂದ ಪ್ರತಿಯೊಂದು ಕಛೇರಿಯಲ್ಲೂ ಮೂರು ಕೆಲಸ ಆಗಬೇಕು. ಯಾವ ಯಂತ್ರದಲ್ಲಿ ಯಾರ ತಂತ್ರಾಂಶದ ಎಷ್ಟನೆಯ ಆವೃತ್ತಿಯಿದೆಯೆಂಬ ದಾಖಲೆ ಇರಬೇಕು. ಇಲ್ಲದಿದ್ದರೆ ಎಚ್ಚರಿಕೆ ಬಂದ ದಿನ ಹುಡುಕುವುದರಲ್ಲೇ ವಾರ ಕಳೆಯುತ್ತದೆ. ದುರಸ್ತಿಗೆ ಹೊಣೆಗಾರನೊಬ್ಬನ ಹೆಸರೂ ಗಡುವೂ ಬೇಕು. ಮೂರನೆಯದಾಗಿ, ಪುಕ್ಕಟೆಯಾಗಿ ಪಡೆದುದರ ಪೋಷಣೆಗೆ ಆಯವ್ಯಯದಲ್ಲಿ ಒಂದು ಪಾಲು ಮೀಸಲಿಡಬೇಕು. ನಾವು ಮಾಡಿದ ತಿದ್ದುಪಡಿ ಮೂಲಕ್ಕೂ ತಲುಪಬೇಕು. ಅಧಿಕಾರದ ಎಲ್ಲೆ ಕಾಯುವ ‘ಸುಡೊ’ ಎಂಬ ತಂತ್ರಾಂಶದ ಭಾರವನ್ನು ಮೂರು ದಶಕಗಳಿಂದ ಬಹುಮಟ್ಟಿಗೆ ಹೊತ್ತವರು ಟಾಡ್ ಮಿಲ್ಲರ್ ಎಂಬ ಒಬ್ಬರೇ. ಅದರಲ್ಲೂ 2011ರಿಂದ ಅಡಗಿದ್ದ ದೋಷವೊಂದು ಬೆಳಕಿಗೆ ಬಂದುದು 2021ರಲ್ಲಿ. ಜಗತ್ತೆಲ್ಲ ನೆಚ್ಚಿದ ಬೀಗವನ್ನು ಒಬ್ಬರ ತಾಳ್ಮೆಗೆ ಬಿಟ್ಟು ದೋಷವನ್ನು ಮಾತ್ರ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹುಮಂದಿ ಅನ್ಯರು ಕಟ್ಟಿದ ಮನೆಗಳಲ್ಲಿ ವರ್ಷಗಟ್ಟಲೆ ಬಾಳಿದವರು. ಮಳೆಗಾಲದಲ್ಲಿ ಸೂರು ಸೋರಿದಾಗ ಮನೆ ಯಾರದೆಂದು ಕೇಳುತ್ತ ಕುಳಿತವರಿಲ್ಲ. ಮೊದಲು ಪಾತ್ರೆಯಿಟ್ಟೆವು, ಆಮೇಲೆ ಒಡೆಯನಿಗೆ ತಿಳಿಸಿದೆವು, ಅವನು ಬಾರದಿದ್ದರೆ ನಾವೇ ಏಣಿ ಹತ್ತಿದೆವು. ಇಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಗಣಕದ ಮುಂದೆ ಕುಳಿತಿರುವ ನಮ್ಮ ಮಕ್ಕಳು ಅನ್ಯರ ತಂತ್ರಾಂಶದ ಕುರಿತೂ ಅದೇ ವಿವೇಕವನ್ನು ತೋರಲಿ.