ಆಟಿಸಂ: ರಕ್ತದ ವರದಿಗೆ ಕಾಯಬೇಕೆ?

ಮಗುವಿಗೆ ಎರಡು ವರ್ಷ ತುಂಬಿದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ತೋರಿಸಿ ಕೇಳುವುದಿಲ್ಲ. ಇಂಥ ಮನೆಗಳಲ್ಲಿ ಈಗ ಕೇಳಿಬರುವ ಮಾತು, "ಬ್ಲಡ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದಂತೆ, ಹೌದಾ?" ಇಲ್ಲ. ಆಟಿಸಂ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ.

ಹುಡುಕಾಟವೇನೋ ಹಳೆಯದು. ಕೆಲವು ಆಟಿಸಂ ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಹೆಚ್ಚಿರುವುದು 1961ರಲ್ಲೇ ಕಂಡುಬಂದಿತ್ತು. ಆದರೆ ಅದು ಹೆಚ್ಚಿರುವುದು ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಮಾತ್ರ. ಉಳಿದ ಮೂವರನ್ನು ಈ ಪರೀಕ್ಷೆ ಗುರುತಿಸುವುದೇ ಇಲ್ಲ.

ಸ್ಟಾಟಿಸ್ಟಿಕ್ಸ್ ಓದುವವರು ಒಂದು ಲೆಕ್ಕ ಹಾಕಿ ನೋಡಿ. ಆಟಿಸಂ ಇರುವವರಲ್ಲೂ ಇಲ್ಲದವರಲ್ಲೂ ಶೇ. 90ರಷ್ಟು ಸರಿಯಾಗಿ ಹೇಳುವ ಪರೀಕ್ಷೆಯೊಂದು ಬಂತು ಎನ್ನೋಣ. 1000 ಮಕ್ಕಳಲ್ಲಿ 10 ಮಂದಿಗೆ ಆಟಿಸಂ ಇದ್ದರೆ ಅವರಲ್ಲಿ 9 ಮಂದಿಯನ್ನು ಅದು ಹಿಡಿಯುತ್ತದೆ. ಉಳಿದ 990 ಮಕ್ಕಳಲ್ಲಿ 99 ಮಂದಿಗೂ 'ಪಾಸಿಟಿವ್' ಎಂದುಬಿಡುತ್ತದೆ. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದವು ಒಂಬತ್ತೇ! ಉಳಿದ 99 ಮನೆಗಳಲ್ಲಿ ನಿದ್ದೆ ಹೋದಂತೆಯೇ.

ವೈದ್ಯರೂ ಕೆಲವೊಮ್ಮೆ ರಕ್ತ ತೆಗೆಸುತ್ತಾರೆ. ಅದು ಥೈರಾಯ್ಡ್, ಸೀಸದ ಅಂಶ ಅಥವಾ ಫ್ರಜೈಲ್ ಎಕ್ಸ್‌ನಂಥ ಜೀನ್ ದೋಷ ನೋಡುವುದಕ್ಕೆ. ಸಂಶೋಧನೆ ಬೇಡ ಎಂದೂ ನಾನು ಹೇಳುತ್ತಿಲ್ಲ, ಖಂಡಿತ ನಡೆಯಲಿ. ನನ್ನ ತಕರಾರು ಸಂಶೋಧನೆ ಮುಗಿಯುವ ಮೊದಲೇ ಅದನ್ನು 'ಪ್ಯಾಕೇಜ್' ಮಾಡಿ ಮಾರುವವರ ಬಗ್ಗೆ. ನಮ್ಮ ಖಾಲಾ ಮಗನಿಗೆ ಒಂದು ಲ್ಯಾಬ್ ಉದ್ದನೆಯ ಪಟ್ಟಿಯನ್ನೇ ಕೊಟ್ಟಿತ್ತು. ವರದಿಯಲ್ಲಿ ಕೆಂಪು ಅಕ್ಷರದ ಅಂಕಿಗಳು ಹತ್ತಾರು. ಅದನ್ನು ನೋಡಿ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಮುಂದಿನ ವರದಿ, ಅದರ ಮುಂದಿನ ವರದಿ ಎಂದು ಎಂಟು ತಿಂಗಳು ಕಳೆದವು. ಅಷ್ಟೂ ದಿನ ಸ್ಪೀಚ್ ಥೆರಪಿ ಶುರುವಾಗಲೇ ಇಲ್ಲ.

ದುಡ್ಡು ಹೋದರೆ ಹೋಯಿತು ಎನ್ನಬಹುದು. ರಕ್ತದಲ್ಲಿ 'ಲೋಹ' ಇದೆ ಎಂದು ಅದನ್ನು ಇಳಿಸುವ ಚಿಕಿತ್ಸೆಗೆ ಕೆಲವರು ಕರೆಯುತ್ತಾರಲ್ಲ, ಅದು ಜೀವಕ್ಕೇ ಅಪಾಯ. 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಬಾಲಕನೊಬ್ಬ ಹೀಗೆಯೇ ತೀರಿಕೊಂಡ.

ಹಾಗಾದರೆ ಗೊತ್ತಾಗುವುದು ಹೇಗೆ? ಮಗು ಆಡುವುದನ್ನು, ಮಾತಾಡುವುದನ್ನು, ಕಣ್ಣಿಟ್ಟು ನೋಡುವುದನ್ನು ತಿಳಿದವರು ಗಮನಿಸಬೇಕು. ತಾಯಿಯನ್ನು ಕೂರಿಸಿ ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ ಪ್ರಮಾಣಪತ್ರಕ್ಕೂ ನೋಡುವುದು ಮಗುವಿನ ನಡವಳಿಕೆಯನ್ನೇ. ನಮ್ಮ ಪುಣ್ಯಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್ ಜಯನಗರಕ್ಕೆ ಕೂಗಳತೆಯಲ್ಲಿದೆ, ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಸಾಲು ಉದ್ದ, ನಿಜ. ಬೆಳಿಗ್ಗೆ ಬೇಗ ಹೋಗಿ, ಮಗು ಮನೆಯಲ್ಲಿ ಆಡುವ ವಿಡಿಯೋ ಒಂದೆರಡು ಮೊಬೈಲ್‌ನಲ್ಲಿರಲಿ.